ಸಣ್ಣ ಕಾಲೇಜಿಗೆ ಹೋಗುವುದು ಹಿಂಬಡ್ತಿಯಲ್ಲ

ಅಮೆರಿಕದಲ್ಲಿ ಓದುತ್ತಿರುವ ಕನ್ನಡದ ಹುಡುಗಿಯೊಬ್ಬಳು ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯ ಬಿಟ್ಟು, ಎರಡು ಸಾವಿರ ವಿದ್ಯಾರ್ಥಿಗಳೂ ಇಲ್ಲದ, ಹೆಚ್ಚಾಗಿ ಪದವಿ ತರಗತಿಗಳಷ್ಟೇ ಇರುವ ಲಿಬರಲ್ ಆರ್ಟ್ಸ್ ಕಾಲೇಜಿಗೆ ಸೇರಿದಳೆಂಬ ಸುದ್ದಿ ಬಂದಾಗ, ನೆಂಟರೊಬ್ಬರು "ಪಾಪ, ಅಲ್ಲಿ ಏಗಲಾಗಲಿಲ್ಲವೇನೋ" ಎಂದರು. ಈ ಮರುಕದಲ್ಲಿ ಅಜ್ಞಾನವಿದೆ. ಪದವಿ ತರಗತಿಯ ಮಟ್ಟಿಗೆ ಹೇಳುವುದಾದರೆ, ಅವಳು ಹೋದದ್ದು ಹೆಚ್ಚು ಕಷ್ಟದ ಜಾಗಕ್ಕೆ.

ಓಹಾಯೋ ಸ್ಟೇಟ್‌ನಂಥ ವಿಶ್ವವಿದ್ಯಾಲಯದಲ್ಲಿ ಅರವತ್ತು ಸಾವಿರ ದಾಟಿ ವಿದ್ಯಾರ್ಥಿಗಳಿದ್ದಾರೆ. ಇಂಥ ಕಡೆ ಮೊದಲ ವರ್ಷದ ರಸಾಯನಶಾಸ್ತ್ರದ ಉಪನ್ಯಾಸಕ್ಕೆ ನೂರಾರು ಮಂದಿ ಕೂರುತ್ತಾರೆ. ಉತ್ತರಪತ್ರಿಕೆ ತಿದ್ದುವವರು ಬಹುಪಾಲು ಸಂಶೋಧನಾ ವಿದ್ಯಾರ್ಥಿಗಳು. ಹಿಂದಿನ ಸಾಲಿನಲ್ಲಿ ಕೂತು ಒಂದು ಮಾತೂ ಆಡದೆ ಒಳ್ಳೆಯ ಅಂಕ ತೆಗೆಯಬಹುದು. ಸಣ್ಣ ಕಾಲೇಜಿನಲ್ಲಿ ಹಾಗಲ್ಲ.

ಮ್ಯಾಸಚೂಸೆಟ್ಸ್‌ನ ವಿಲಿಯಮ್ಸ್ ಕಾಲೇಜು 1793ರದ್ದು. ಅಲ್ಲಿ ಟ್ಯುಟೋರಿಯಲ್ ಎಂಬ ಪದ್ಧತಿಯಿದೆ. ಕೋಣೆಯಲ್ಲಿ ಇಬ್ಬರು ವಿದ್ಯಾರ್ಥಿಗಳು, ಒಬ್ಬರು ಪ್ರಾಧ್ಯಾಪಕರು. ಈ ವಾರ ಒಬ್ಬಳು ಪ್ರಬಂಧ ಬರೆದು ತಂದರೆ ಇನ್ನೊಬ್ಬ ಅದರ ವಾದವನ್ನು ಜಾಲಾಡುತ್ತಾನೆ; ಮುಂದಿನ ವಾರ ಸರದಿ ಅದಲುಬದಲು. ಪ್ರಾಧ್ಯಾಪಕರು ಹೆಚ್ಚಾಗಿ ಕೇಳಿಸಿಕೊಳ್ಳುತ್ತಾರೆ. ಓದದೆ ಬಂದವರಿಗೆ ಅಲ್ಲಿ ಅಡಗಲು ಜಾಗವೇ ಇಲ್ಲ. ಸ್ವಾರ್ತ್‌ಮೋರ್ ಕಾಲೇಜಿನ ಆನರ್ಸ್ ವ್ಯವಸ್ಥೆ ಇನ್ನೊಂದು ಹೆಜ್ಜೆ ಮುಂದೆ: 1922ರಲ್ಲಿ ಆಗಿನ ಅಧ್ಯಕ್ಷ ಫ್ರ್ಯಾಂಕ್ ಐಡೆಲಾಟ್ ಶುರುಮಾಡಿದ ಅದರಲ್ಲಿ, ಕಡೆಯ ಪರೀಕ್ಷೆ ನಡೆಸುವವರು ಹೊರಗಿನ ವಿದ್ವಾಂಸರು. ಪಾಠ ಹೇಳಿದವರ ದಾಕ್ಷಿಣ್ಯ ಅಲ್ಲಿ ಕೆಲಸಕ್ಕೆ ಬಾರದು.

ವಿಜ್ಞಾನಕ್ಕೆ ದೊಡ್ಡ ಪ್ರಯೋಗಾಲಯವೇ ಬೇಕು ಎಂಬ ಆಕ್ಷೇಪಕ್ಕೆ ತೂಕವಿದೆ. ಕೋಟಿಗಟ್ಟಲೆ ಬೆಲೆಯ ಉಪಕರಣ, ಹತ್ತಾರು ವಿಶೇಷ ಕೋರ್ಸು, ಸಿವಿಲ್ ಎಂಜಿನಿಯರಿಂಗ್‌ನಂಥ ವೃತ್ತಿ ವಿಭಾಗಗಳು ಬೇಕೆಂದರೆ ವಿಶ್ವವಿದ್ಯಾಲಯವೇ ಸರಿ. ಆದರೆ ದೊಡ್ಡ ಪ್ರಯೋಗಾಲಯ ಇರುವುದು ಬೇರೆ, ಹತ್ತೊಂಬತ್ತರ ಹುಡುಗಿಗೆ ಅದರ ಬಾಗಿಲು ತೆರೆಯುವುದು ಬೇರೆ. ಸಂಶೋಧನಾ ವಿದ್ಯಾರ್ಥಿಗಳೇ ಇಲ್ಲದ ಕಾಲೇಜಿನಲ್ಲಿ ಪ್ರಾಧ್ಯಾಪಕರ ಜೊತೆ ಪ್ರಯೋಗಕ್ಕೆ ನಿಲ್ಲುವವರು ಪದವಿ ವಿದ್ಯಾರ್ಥಿಗಳೇ. 1989ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಥಾಮಸ್ ಚೆಕ್ ಅಯೋವಾದ ಗ್ರಿನೆಲ್ ಕಾಲೇಜಿನ ಪದವೀಧರ; 2020ರಲ್ಲಿ ಪಡೆದ ಜೆನಿಫರ್ ಡೌಡ್ನಾ ಕ್ಯಾಲಿಫೋರ್ನಿಯಾದ ಪೊಮೋನಾ ಕಾಲೇಜಿನವರು. ಇಬ್ಬರೂ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋದದ್ದು ಆಮೇಲೆ, ಪಿಎಚ್‌.ಡಿ.ಗೆ. ಸರಿಯಾದ ಕ್ರಮ ಅದೇ ಎಂದು ನನಗನ್ನಿಸುತ್ತದೆ.

"ಆ ಕಾಲೇಜಿನ ಹೆಸರು ಊರಲ್ಲಿ ಯಾರಿಗೂ ಗೊತ್ತಿಲ್ಲ" ಎನ್ನುವವರಿಗೆ, ಷಿಕಾಗೋ ವಿಶ್ವವಿದ್ಯಾಲಯದಲ್ಲಿದ್ದ ಕವಿ ಎ.ಕೆ. ರಾಮಾನುಜನ್ ಮಿನಿಸೋಟಾದ ಕಾರ್ಲ್‌ಟನ್ ಎಂಬ ಅಂಥದೇ ಸಣ್ಣ ಕಾಲೇಜಿನಲ್ಲೂ ಪಾಠ ಹೇಳಿದ್ದರು ಎಂದಷ್ಟೇ ಹೇಳಬಲ್ಲೆ.

ನನ್ನನ್ನು ನಿಜಕ್ಕೂ ಯೋಚನೆಗೆ ಹಚ್ಚುವುದು ಹಣ. ಸ್ವಂತ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಶುಲ್ಕ ಬಹಳ ಕಡಿಮೆ. ಖಾಸಗಿ ಕಾಲೇಜಿನ ಶುಲ್ಕ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಕಾಲೇಜಿನಿಂದ ಹಣದ ನೆರವು ಸಿಕ್ಕವರಿಗೆ ಮಾತ್ರ ಲೆಕ್ಕ ತಿರುಗುಮುರುಗಾಗಬಹುದು. ಆದರೆ ಓದಿನ ನಡುವೆ ಬೇರೆ ಕಡೆಯಿಂದ ಬರುವವರಿಗೆ ಸೀಟೂ ಕಡಿಮೆ, ವಿದೇಶಿಯರಾದರೆ ನೆರವೂ ಕಡಿಮೆ. ಹಿಂದೆ ಓದಿದ ಕೋರ್ಸುಗಳೆಲ್ಲ ಲೆಕ್ಕಕ್ಕೆ ಬರುವುದಿಲ್ಲ. ಕಡೆಯ ಎರಡು ವರ್ಷವಾದರೂ ತಮ್ಮಲ್ಲೇ ಓದಬೇಕೆಂದು ಬಹಳಷ್ಟು ಕಾಲೇಜುಗಳು ಹೇಳುವುದರಿಂದ ಮೂರನೆಯ ವರ್ಷ ಮುಗಿದ ಮೇಲೆ ಹೊರಡುವುದು ದಂಡ.

ಮಕ್ಕಳು ಬದಲಾಯಿಸುತ್ತೇನೆಂದಾಗ ರ‍್ಯಾಂಕಿಂಗ್ ಪಟ್ಟಿ ತೆರೆಯಬೇಡಿ. ಈಗಿರುವ ಕಡೆ ನಿನ್ನ ಹೆಸರು, ನಿನ್ನ ಬರವಣಿಗೆ ಬಲ್ಲ ಪ್ರಾಧ್ಯಾಪಕರು ಒಬ್ಬರಾದರೂ ಇದ್ದಾರಾ ಎಂದು ಕೇಳಿ. ಎರಡು ವರ್ಷವಾದರೂ ಇಲ್ಲವೆಂದರೆ, ನೆರವಿನ ಅರ್ಜಿ ತುಂಬಲು ಜೊತೆಗೆ ಕೂತುಕೊಳ್ಳಿ.