ಪರಸ್ಥಳದ ಮೊದಲ ಮೂರು ತಿಂಗಳು

ಗುಳೆ ಎಂಬ ಮಾತು ಬರಗಾಲ ಬಿದ್ದಾಗ ಮಾತ್ರ ನಮ್ಮ ನಾಲಿಗೆಗೆ ಬರುತ್ತದೆ. ಆದರೆ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಬಡ ಕುಟುಂಬಗಳಿಗೆ ಅದು ಮಳೆ ಬಂದ ವರ್ಷದಲ್ಲಿಯೂ ತಪ್ಪದ ಮಾತು. ಎರೆಹೊಲದ ಹಿಂಗಾರಿ ಜೋಳ, ಕಡಲೆಗಳ ಸುಗ್ಗಿ ಮುಗಿಯಿತೆಂದರೆ ಕೂಲಿಯವನಿಗೆ ಊರಿನಲ್ಲಿ ದುಡಿಮೆಯಿಲ್ಲ. ನರಗುಂದಕ್ಕೆ ಮಲಪ್ರಭೆಯ ಕಾಲುವೆ ಬಂದಿದೆ. ಕಾಲುವೆಯ ತುದಿಯ ಹೊಲಕ್ಕೆ ನೀರು ಮುಟ್ಟೀತೆಂಬ ಭರವಸೆ ಬಂದಿಲ್ಲ. 2019ರ ಆಗಸ್ಟಿನಲ್ಲಿ ಅದೇ ಹೊಳೆ ಉಕ್ಕಿ ಕೊಣ್ಣೂರಿನಂಥ ಊರುಗಳ ಮನೆಗಳನ್ನು ಹೊಕ್ಕಿತು. ನೀರಿಲ್ಲದೆ ಕೆಲವರು, ನೀರು ಹೆಚ್ಚಾಗಿ ಕೆಲವರು ಮನೆ ಬಿಟ್ಟು, ಗದಗ, ಹುಬ್ಬಳ್ಳಿ, ಲೋಂಡಾ ದಾಟಿ ಗೋವೆಗೆ ಇಳಿಯುತ್ತಾರೆ.

1961ರ ಡಿಸೆಂಬರ್ 19ರ ತನಕ ಗೋವೆ ಪೋರ್ತುಗೀಸರ ಆಳ್ವಿಕೆಯಲ್ಲಿದ್ದ ಪರದೇಶ. ಇಂದು ಘಟ್ಟ ಇಳಿಯಲು ಯಾರ ಅಪ್ಪಣೆಯೂ ಬೇಡ. ಆದರೂ ಕನ್ನಡವೊಂದನ್ನೇ ಬಲ್ಲ, ರೊಟ್ಟಿಯೊಂದನ್ನೇ ಉಂಡು ಬೆಳೆದ ಕುಟುಂಬಕ್ಕೆ ಕೊಂಕಣಿಯನ್ನಾಡುವ, ಮೀನು-ಅನ್ನ ಉಣ್ಣುವ, ತಿಂಗಳುಗಟ್ಟಲೆ ಮಳೆ ಸುರಿಯುವ ಆ ನಾಡು ಪರದೇಶವೇ. ಅಲ್ಲಿ ಮೇಸ್ತ್ರಿ ಕೆಲಸ ಕೊಟ್ಟಾನು, ಕೂಲಿ ನಮ್ಮ ಕಡೆಗಿಂತ ಹೆಚ್ಚೂ ಸಿಕ್ಕೀತು. ಆದರೆ ಕೂಲಿ ಸಿಕ್ಕ ಮಾತ್ರಕ್ಕೆ ನೆಲೆ ಸಿಕ್ಕಿತೆನ್ನಲಾಗದು. ಖೋಲಿಯ ಬಾಡಿಗೆಗೆ ಮುಂಗಡ ಬೇಕು; ಮುಂಗಡಕ್ಕೆ ಮೇಸ್ತ್ರಿಯಲ್ಲಿ ಸಾಲ ಮಾಡಬೇಕು; ಸಾಲ ತೀರುವವರೆಗೆ ಅವನು ಹೇಳಿದ್ದೇ ಕೂಲಿ, ಅವನು ತೋರಿಸಿದ್ದೇ ಜಾಗ. ಘಟ್ಟದ ಮೇಲಿನವನೆಂದು ‘ಘಾಂಟಿ’ ಎಂಬ ಹೀನಾಯದ ಕರೆಯನ್ನೂ ಕೇಳಿಸಿಕೊಳ್ಳಬೇಕು. ಅಲ್ಲಿಯೇ ವರ್ಷಗಟ್ಟಲೆ ಇದ್ದವರಿಗೂ ನೆಲೆ ಗಟ್ಟಿಯಲ್ಲ. 2004ರ ಜೂನ್ ತಿಂಗಳಲ್ಲಿ ವಾಸ್ಕೋದ ಬೈನಾ ಕಡಲತೀರದಲ್ಲಿ ನೂರಾರು ಮನೆಗಳನ್ನು ಕೆಡವಿದಾಗ ಮಳೆಯಲ್ಲಿ ನಿಂತವರಲ್ಲಿ ಕನ್ನಡಿಗರು ಅನೇಕರಿದ್ದರು.

ಪರಸ್ಥಳದಲ್ಲಿ ನೆಲೆಯೂರುವುದು ಹೇಗೆಂಬುದನ್ನು ಗೋವೆಯವರಿಂದಲೇ ಕಲಿಯಬೇಕೆಂದು ನಮಗೆ ತೋರುತ್ತದೆ. ಅಡುಗೆಯವರಾಗಿ, ವಾದ್ಯಗಾರರಾಗಿ, ಹಡಗಿನ ಆಳುಗಳಾಗಿ ಅವರು ಮುಂಬಯಿಗೆ ಹೋದ ಕಾಲದಲ್ಲಿ ಅದು ಅವರಿಗೆ ಪರರಾಜ್ಯವಾಗಿತ್ತು. ಆಗ ಅವರು ಧೋಬಿ ತಲಾವ್, ಮಜಗಾಂವ್‌ಗಳಲ್ಲಿ ಊರಿಗೊಂದರಂತೆ ‘ಕೂಡ್’ಗಳನ್ನು ಕಟ್ಟಿಕೊಂಡರು. ಕೂಡ್ ಎಂದರೆ ಕೋಣೆ. ಊರಿನಿಂದ ಬಂದವನು ಅಲ್ಪ ಹಣ ಕೊಟ್ಟು, ತನ್ನ ಪೆಟ್ಟಿಗೆಯನ್ನಿಟ್ಟು, ಪಕ್ಕದಲ್ಲಿ ಚಾಪೆ ಹಾಸಬಹುದಿತ್ತು. ಗ್ರಾಮದ ಪಾಲಕ ಸಂತರ ಪೀಠ, ಸಂಜೆಯ ಜಪಸರ, ಊರಹಬ್ಬ ಎಲ್ಲವೂ ಅಲ್ಲಿದ್ದವು. ಯಾವ ಹಡಗಿನಲ್ಲಿ ಕೆಲಸ ಖಾಲಿಯಿದೆ, ಯಾವ ಯಜಮಾನನನ್ನು ನಂಬಬಹುದು ಎಂಬ ಸುದ್ದಿಯೂ ಅಲ್ಲಿಯೇ ಸಿಗುತ್ತಿತ್ತು. ಹೊಸಬನು ಯಾರ ಹಂಗಿಗೂ ಬೀಳದೆ ಮೊದಲ ದಿನಗಳನ್ನು ದಾಟಲು ಈ ಏರ್ಪಾಡು ಆಸರೆಯಾಯಿತು.

ನಮ್ಮ ಮೂರು ತಾಲ್ಲೂಕುಗಳವರಿಗೆ ಇಂಥ ಆಸರೆ ಏಕಿರಬಾರದು? ಕಾನೂನು ಕೊಟ್ಟ ಸೌಲಭ್ಯಗಳಿಲ್ಲವೆಂದಲ್ಲ. ಆದ್ಯತಾ ಕುಟುಂಬದ ಪಡಿತರ ಚೀಟಿಯಿದ್ದವರು 2020ರಿಂದ ಗೋವೆಯ ನ್ಯಾಯಬೆಲೆ ಅಂಗಡಿಯಲ್ಲಿಯೂ ಕೇಂದ್ರದ ಪಾಲಿನ ಧಾನ್ಯ ಪಡೆಯಬಹುದು. ಊರಿನಲ್ಲಿ ಉಳಿದ ಅಜ್ಜ-ಅಜ್ಜಿಯರು ತಮ್ಮ ಭಾಗವನ್ನು ಅಲ್ಲಿಯೇ ಎತ್ತಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ 6ರಿಂದ 14 ವರ್ಷದ ಮಗುವಿಗೆ ವರ್ಗಾವಣೆ ಪತ್ರ ತಡವಾಯಿತೆಂದು ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಲು ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿದ್ದರೆ ಸಾಕು. ಆದರೆ ಆ 90 ದಿನಗಳನ್ನು ಬರೆದಿಟ್ಟವರು ಯಾರು? ಮೇಸ್ತ್ರಿ ಚೀಟಿ ಕೊಡುವುದಿಲ್ಲ, ಕೂಲಿಯವನು ಕೇಳುವುದಿಲ್ಲ. ಹೀಗೆ ಮೊದಲ ಮೂರು ತಿಂಗಳು ಲೆಕ್ಕಕ್ಕೆ ಸಿಗದೆ ಹೋಗುತ್ತವೆ; ಅವುಗಳ ಹಿಂದೆಯೇ ಮಗುವಿನ ಒಂದು ವರ್ಷದ ಓದೂ ಹೋಗುತ್ತದೆ. 2020ರ ಮಾರ್ಚ್‌ನಲ್ಲಿ ದೇಶವೇ ಬೀಗ ಹಾಕಿಕೊಂಡಾಗ ಯಾವ ಊರಿನವರು ಎಲ್ಲಿ ಸಿಲುಕಿದ್ದಾರೆಂದು ತಿಳಿಯಲು ಸರಕಾರಗಳೇ ಪರದಾಡಿದ್ದನ್ನು ನಾವು ಮರೆಯಬಾರದು.

ಆದ್ದರಿಂದ ನಮ್ಮ ಸಲಹೆ ಇಷ್ಟೇ. ಹೊರಡುವವರ ಹೆಸರು, ಹೋಗುವ ಸ್ಥಳ, ಕರೆದೊಯ್ಯುವ ಮೇಸ್ತ್ರಿಯ ಗುರುತು, ಇಷ್ಟನ್ನು ಗ್ರಾಮ ಪಂಚಾಯಿತಿಗಳು ಒಂದು ಪುಸ್ತಕದಲ್ಲಿ ಬರೆದಿಡಲಿ. ಹೋಗುವವರು ಪಡಿತರ ಚೀಟಿ, ಆಧಾರ್, ಮಕ್ಕಳ ಶಾಲೆಯ ಕಾಗದ ಜೊತೆಗೊಯ್ಯಲಿ. ದುಡಿದ ದಿನಗಳನ್ನು ತಾವೇ ಬರೆದಿಟ್ಟು ವಾರಕ್ಕೊಮ್ಮೆ ಮೇಸ್ತ್ರಿಯ ಸಹಿ ಹಾಕಿಸಿಕೊಳ್ಳಲಿ. ಅಲ್ಲಿ ಈಗಾಗಲೇ ನೆಲೆಯೂರಿದ ನಮ್ಮ ಕಡೆಯವರು ಹೊಸಬರಿಗಾಗಿ ಒಂದು ಖೋಲಿಯನ್ನು ಕೂಡಿ ಬಾಡಿಗೆಗೆ ಹಿಡಿದರೆ ಮುಂಗಡದ ಸಾಲದಿಂದ ಎಷ್ಟೋ ಕುಟುಂಬಗಳು ಪಾರಾದಾವು. ಗೋವೆಯಲ್ಲಿ ಬಂಧು-ಬಳಗವುಳ್ಳ ನಮ್ಮ ಓದುಗರು, ಮುಂಬಯಿಯ ಕೂಡ್‌ನಲ್ಲಿ ತಮ್ಮ ಹಿರಿಯರು ಚಾಪೆ ಹಾಸಿದ್ದನ್ನು ನೆನೆದು, ರೋಣದವನ ಮಗುವನ್ನು ಶಾಲೆಯ ಬಾಗಿಲವರೆಗೆ ಕರೆದೊಯ್ಯಲಿ. ಪರದೇಶಿಯಾಗಿ ಬದುಕಿ ಬಂದವರಿಗೆ ಪರದೇಶಿಯ ಕಷ್ಟವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.