ಡಿಸ್ಕುಗಳ ಜಗಳ, ಮದುವೆಯ ಕ್ಯಾಸೆಟ್ಟು



ಈ ಸಲ ಬಂದ ಕಾಗದಗಳಲ್ಲಿ ಒಂದು ನನ್ನನ್ನು ಬಹಳ ಹೊತ್ತು ಕಾಡಿತು. ತಿಪಟೂರಿನ ಓದುಗರೊಬ್ಬರು ಬರೆದದ್ದು. ಮನೆಗೆ ದೊಡ್ಡ ಹೆಚ್.ಡಿ. ಟಿ.ವಿ. ಬಂದಿದೆ. 1992ರ ತಮ್ಮ ಮದುವೆಯ ಕ್ಯಾಸೆಟ್ಟನ್ನು ಹಳೆಯ ವಿ.ಸಿ.ಆರ್.ಗೆ ಹಾಕಿ ಅದರಲ್ಲಿ ನೋಡಿದರೆ ಚಿತ್ರವೆಲ್ಲ ಮಸುಕು, ಮುಖಗಳೆಲ್ಲ ಅಗಲ. "ಹಳೇ ಡಬ್ಬ, ಎಸೆಯಮ್ಮ" ಅನ್ನುತ್ತಾನೆ ಮಗ. ಆದರೆ ತೀರಿಹೋದ ಅವರ ತಾಯಿ ಓಡಾಡುವುದು, ನಗುವುದು ಉಳಿದಿರುವುದು ಆ ಕ್ಯಾಸೆಟ್ಟಿನಲ್ಲಿ ಮಾತ್ರ. "ಬ್ಲೂ-ರೇ ಮಿಷನ್ನು ಕೊಂಡರೆ ಸರಿಹೋದೀತೆ?" ಎಂದು ಕೇಳಿದ್ದಾರೆ.

ದುಡ್ಡು ಬಿಚ್ಚುವ ಮುಂಚೆ ಈ ಮಿಷನ್ನುಗಳ ಕಥೆ ಸ್ವಲ್ಪ ಕೇಳಿ.

ಮೊದಲ ಜಗಳ ಕ್ಯಾಸೆಟ್ಟಿನ ಕಾಲದ್ದೇ. 1975ರಲ್ಲಿ ಜಪಾನಿನ ಸೋನಿ ಕಂಪನಿ ಬೀಟಾಮ್ಯಾಕ್ಸ್ ತಂದಿತು. ಮರುವರ್ಷ ಜೆವಿಸಿ ಕಂಪನಿ ವಿ.ಹೆಚ್.ಎಸ್. ತಂದಿತು. ಒಂದರ ಕ್ಯಾಸೆಟ್ಟು ಇನ್ನೊಂದಕ್ಕೆ ಹಿಡಿಸದು. ಹೆಚ್ಚು ಹೊತ್ತು ರೆಕಾರ್ಡು ಆಗುತ್ತಿದ್ದ ವಿ.ಹೆಚ್.ಎಸ್. ಗೆದ್ದಿತು. ನಮ್ಮ ಮದುವೆಮನೆಗಳಿಗೂ ಅದೇ ಬಂತು. ಡಿ.ವಿ.ಡಿ. ಹೊತ್ತಿಗೆ ಕಂಪನಿಗಳು ಬುದ್ಧಿ ಕಲಿತು ರಾಜಿಯಾದವು. 1996ರಲ್ಲಿ ಒಂದೇ ಬಗೆಯ ಡಿಸ್ಕು ಪೇಟೆಗೆ ಬಂತು.

ಆಮೇಲೆ ಬಂತಲ್ಲ, ಹೆಚ್.ಡಿ. ಟಿ.ವಿ.! ಇದನ್ನು ರಂಗೋಲಿಯ ಹಾಗೆ ತಿಳಿಯಿರಿ. ನಮ್ಮ ದೇಶದ ಡಿ.ವಿ.ಡಿ. ಚಿತ್ರಕ್ಕೆ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕಿ. ಪೂರ್ಣ ಹೆಚ್.ಡಿ.ಗೆ 1920, 1080. ಲೆಕ್ಕ ಹಾಕಿದರೆ ಸರಿಯಾಗಿ ಐದು ಪಟ್ಟು! ಇಷ್ಟು ಚುಕ್ಕಿಗಳ ಒಂದು ಸಿನಿಮಾ ಹಳೆಯ ಡಿಸ್ಕಿನಲ್ಲಿ ಹಿಡಿಯಲಿಲ್ಲ. ಕೆಂಪು ಲೇಸರಿನ ಬದಲು ನೀಲಿ ಲೇಸರು ಬಳಸಿದರು. ಸಪೂರ ಎಳೆಯಲ್ಲಿ ಬರೆದರೆ ಅದೇ ಅಂಗಳದಲ್ಲಿ ಹೆಚ್ಚು ರಂಗೋಲಿ ಹಿಡಿಯುತ್ತದಲ್ಲ, ಹಾಗೆ.

ಆದರೆ ಮತ್ತೆ ಎರಡು ಬಣ! 2006ರಲ್ಲಿ ತೋಷಿಬಾದವರ ಹೆಚ್.ಡಿ. ಡಿ.ವಿ.ಡಿ. ಒಂದು ಕಡೆ, ಸೋನಿ ಮತ್ತು ಜೊತೆಗಾರರ ಬ್ಲೂ-ರೇ ಇನ್ನೊಂದು ಕಡೆ. ನೋಡಲು ಎರಡೂ 12 ಸೆಂಟಿಮೀಟರಿನ ಡಿಸ್ಕೇ. ಒಂದು ಪದರದಲ್ಲಿ ಮೊದಲನೆಯದಕ್ಕೆ 15 ಗಿಗಾಬೈಟ್ ಹಿಡಿದರೆ ಎರಡನೆಯದಕ್ಕೆ 25. ಸಿನಿಮಾ ಕಂಪನಿಗಳೂ ಪಾಲಾದವು. ಯೂನಿವರ್ಸಲ್ ಅತ್ತ, ಡಿಸ್ನಿ ಇತ್ತ. ಸೋನಿಯವರು ಮಕ್ಕಳ ಆಟದ ಪೆಟ್ಟಿಗೆ ಪ್ಲೇಸ್ಟೇಷನ್ 3ರೊಳಗೇ ಬ್ಲೂ-ರೇ ಕೂರಿಸಿ ಎಷ್ಟೋ ಮನೆಗಳ ಒಳಹೊಕ್ಕರು. 2008ರ ಜನವರಿ 4ರಂದು ವಾರ್ನರ್ ಬ್ರದರ್ಸ್ ಬ್ಲೂ-ರೇ ಕಡೆ ವಾಲಿತು. ಫೆಬ್ರವರಿ 19ಕ್ಕೆ ತೋಷಿಬಾ ಕೈ ಚೆಲ್ಲಿತು. ಎರಡು ವರ್ಷ ತುಂಬುವ ಮೊದಲೇ ಹೆಚ್.ಡಿ. ಡಿ.ವಿ.ಡಿ. ಕೊಂಡವರಿಗೆ ಹೊಸ ಸಿನಿಮಾದ ದಾರಿ ಮುಚ್ಚಿತು.

ಗೆದ್ದವರಾದರೂ ಉಳಿದರೇ? ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲಿ ನಿಲ್ಲಿಸಿತು. ನಾವೇ ರೆಕಾರ್ಡು ಮಾಡಿಕೊಳ್ಳುವ ಖಾಲಿ ಬ್ಲೂ-ರೇ ಡಿಸ್ಕುಗಳನ್ನು ಸೋನಿಯೇ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಸಿನಿಮಾ ಈಗ ಇಂಟರ್‌ನೆಟ್ಟಿನಲ್ಲಿ ಬರುತ್ತದೆ. ಪಾತ್ರೆ ಬದಲಾಗುತ್ತಲೇ ಇರುತ್ತದೆ ಸೋದರಿ, ಕಾಪಾಡಬೇಕಾದ್ದು ಒಳಗಿನ ಹಾಲನ್ನು.

ಆದ್ದರಿಂದ ಬ್ಲೂ-ರೇ ಮಿಷನ್ನು ಬೇಡ. ಅದರಲ್ಲಿ ಕ್ಯಾಸೆಟ್ಟು ಹೋಗುವುದೇ ಇಲ್ಲ. ಕ್ಯಾಸೆಟ್ಟಿನಲ್ಲಿರುವ ವಿವರ ಡಿ.ವಿ.ಡಿ.ಗಿಂತಲೂ ಕಡಿಮೆ. ಏಳು ಚುಕ್ಕಿಯ ರಂಗೋಲಿಯನ್ನು ಅಂಗಳದಷ್ಟು ಹಿಗ್ಗಿಸಿದರೆ ಮಸುಕು ಕಾಣದೆ ಇನ್ನೇನು? ತಪ್ಪು ಕ್ಯಾಸೆಟ್ಟಿನದಲ್ಲ. ಹೀಗೆ ಮಾಡಿ:

1. ಮುಖ ಅಗಲವಾಗುವುದು ಚೌಕದಂತಿದ್ದ ಹಳೆಯ ಚಿತ್ರವನ್ನು ಟಿ.ವಿ. ಎಳೆದು ತೋರಿಸುವುದರಿಂದ. ರಿಮೋಟಿನಲ್ಲಿ ಚಿತ್ರದ ಅಳತೆಯನ್ನು 4:3 ಮಾಡಿ. ಎರಡು ಬದಿಗೆ ಕಪ್ಪು ಪಟ್ಟಿ ಬಂದರೆ ಬರಲಿ, ಮುಖ ಸರಿಯಾಗುತ್ತದೆ.

2. ಟೇಪಿನ ಮೇಲೆ ಬಿಳಿ ಬೂಷ್ಟು ಕಂಡರೆ ಮಿಷನ್ನಿಗೆ ಹಾಕಲೇಬೇಡಿ. ಟೇಪು ಹರಿದೀತು, ಮಿಷನ್ನೂ ಕೆಟ್ಟೀತು.

3. ಕೆಲಸ ಮಾಡುವ ವಿ.ಸಿ.ಆರ್. ಇಟ್ಟಿರುವ ಸ್ಟುಡಿಯೋ ಹುಡುಕಿ, ಕಂಪ್ಯೂಟರ್ ಫೈಲು ಮಾಡಿಸಿ ಪೆನ್ ಡ್ರೈವಿಗೆ ಹಾಕಿಸಿ. ಅಂಥ ಮಿಷನ್ನು ದಿನೇ ದಿನೇ ಕಡಿಮೆಯಾಗುತ್ತಿದೆ, ತಡ ಮಾಡಬೇಡಿ.

4. ಎರಡು ಪ್ರತಿ ಮಾಡಿಸಿ. ಒಂದು ನಿಮ್ಮಲ್ಲಿ, ಇನ್ನೊಂದು ತವರಿನಲ್ಲಿರಲಿ.

5. ಮೂಲ ಕ್ಯಾಸೆಟ್ಟನ್ನು ಎಸೆಯಬೇಡಿ. ತೇವವಿಲ್ಲದ ಬೀರುವಿನಲ್ಲಿ ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿಡಿ.

ಹೊಸ ಟಿ.ವಿ.ಯ ಸೊಗಸು ಬೇಕಾದರೆ ಹೆಚ್.ಡಿ. ಸೆಟ್ ಟಾಪ್ ಬಾಕ್ಸು, ಹೆಚ್.ಡಿ.ಎಂ.ಐ. ವೈರು ಹಾಕಿಸಿ, ಹಳೆಯ ಹಳದಿ, ಕೆಂಪು, ಬಿಳಿ ವೈರಿನಲ್ಲಿ ಹೆಚ್.ಡಿ. ಚಿತ್ರ ಬಾರದು. ಧಾರಾವಾಹಿ ನಿಚ್ಚಳವಾಗಿ ಕಾಣಲಿ. ಅಮ್ಮ ಮಾತ್ರ ತುಸು ಮಸುಕಾಗಿಯೇ ಕಂಡಾರು. ಆದರೇನು? ಅಮ್ಮನ ನಡಿಗೆಯನ್ನು ಗುರುತಿಸಲು ಮಗಳಿಗೆ ಎಷ್ಟು ಚುಕ್ಕಿ ಬೇಕು ಹೇಳಿ!