ಹೊಂಗೆ ಮರದ ಕೆಳಗೆ ಪಾರ್ಕಿಂಗ್

ಬೆಂಗಳೂರಿಗೆ ವಸಂತ ಬಂದದ್ದನ್ನು ಪಂಚಾಂಗಕ್ಕಿಂತ ಮೊದಲು ಇನ್‌ಸ್ಟಾಗ್ರಾಂ ಹೇಳುತ್ತೆ. ಫೆಬ್ರವರಿ ಬಂತು ಅಂದ್ರೆ ಸಾಕು, ಗುಲಾಬಿ ಬಣ್ಣದ ಟಬೆಬುಯಾ ಮುಂದೆ ನಿಂತು ಫೋಟೊ ಹಾಕದವರನ್ನು ಊರಿನವರು ಅಂತ ಲೆಕ್ಕಕ್ಕೇ ತಗೊಳ್ಳೋದಿಲ್ಲ. ಅಮೆರಿಕ ಖಂಡದಿಂದ ಬಂದ ಮರ ಅದು. ಬಂದು, ಇಲ್ಲೇ ಸೆಟ್ಲ್ ಆಗಿ, ಈಗ ಊರಿಗೇ ಮಾಡೆಲ್ ಆಗಿದೆ. ಬೆಂಗಳೂರಿಗೆ ಬಂದವರ ಕಥೆಯೆಲ್ಲ ಹೆಚ್ಚುಕಮ್ಮಿ ಹೀಗೇ ತಾನೇ?

ಆದರೆ ನಮ್ಮ ಕ್ರಾಸ್‌ನಲ್ಲಿ ಟಬೆಬುಯಾ ಇಲ್ಲ. ನಮ್ಮದು ಹೊಂಗೆ. ಯಾರೂ ಸೆಲ್ಫಿ ತಗೊಳ್ಳದ, ಎಲ್ಲರೂ ಗಾಡಿ ನಿಲ್ಲಿಸೋ ಮರ.

ಈ ಊರಿನ ಬೀದಿಮರಗಳಿಗೆ ದೊಡ್ಡ ಇತಿಹಾಸ ಇದೆ. 1908ರಲ್ಲಿ ಲಾಲ್‌ಬಾಗ್‌ಗೆ ಬಂದ ಜರ್ಮನಿಯ ಕೃಂಬಿಗಲ್, ಒಂದು ಜಾತಿಯ ಮರದ ಹೂವು ಮುಗಿಯೋ ಹೊತ್ತಿಗೆ ಇನ್ನೊಂದು ಶುರುವಾಗಬೇಕು ಅಂತ ಲೆಕ್ಕ ಹಾಕಿ ಬೀದಿಗಳಲ್ಲಿ ಗಿಡ ನೆಡಿಸಿದರು. ಆಮೇಲೆ 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ನೇತೃತ್ವದಲ್ಲಿ ಊರ ತುಂಬ ಲಕ್ಷಗಟ್ಟಲೆ ಗಿಡ ಬಂದವು. ನಮ್ಮ ಹೊಂಗೆಗಳೂ ಆ ಕಾಲದವೇ ಅನ್ನೋದು ಕ್ರಾಸ್‌ನ ಹಳಬರ ಮಾತು. ಅಂದ್ರೆ ನಮ್ಮಲ್ಲಿ ಅರ್ಧ ಜನಕ್ಕಿಂತ ಮರಗಳೇ ಸೀನಿಯರ್.

ಹೊಂಗೆಯ ವಸಂತಕ್ಕೆ ಮೂರು ಕಂತು. ಶಿವರಾತ್ರಿ ಆಸುಪಾಸಿನಲ್ಲಿ ಎಲೆಯೆಲ್ಲ ಉದುರಿಸಿ ಬೋಳಾಗಿ ನಿಲ್ಲುತ್ತೆ. ಅಯ್ಯೋ, ಒಣಗಿಹೋಯ್ತೇನೋ ಅಂದುಕೊಳ್ಳುವಷ್ಟರಲ್ಲಿ ಚಿಗುರು ಬಂದಿರುತ್ತೆ. ಇಸ್ತ್ರಿ ಮಾಡಿಟ್ಟ ಹಾಗೆ ಮಿರಿಮಿರಿ ಮಿಂಚೋ ತಿಳಿಹಸಿರು. ಮೂರನೇ ಕಂತು ಹೂವು. ಬಿಳಿ, ಅದರಲ್ಲಿ ಸ್ವಲ್ಪ ನೇರಳೆ. ಮರದ ಮೇಲಿದ್ದಾಗ ಯಾರ ಕಣ್ಣಿಗೂ ಬೀಳೋದಿಲ್ಲ, ಕೆಳಗೆ ಬಿದ್ದ ಮೇಲೆ ಎಲ್ಲರ ಕಣ್ಣಿಗೂ ಬೀಳುತ್ತೆ. ಬೆಳಗ್ಗೆ ಎದ್ದು ನೋಡಿದ್ರೆ ರಸ್ತೆ ತುಂಬ ಯಾರೋ ಕಡ್ಲೆಪುರಿ ಮೂಟೆ ಸುರಿದ ಹಾಗೆ. ರಸ್ತೆ ಮೇಲೆ ಸುರಿದರೆ ಪರವಾಗಿಲ್ಲ. ಕಾರಿನ ಮೇಲೆ ಸುರಿದರೆ ವಾಟ್ಸಾಪ್ ಗ್ರೂಪ್ ಎಚ್ಚರವಾಗುತ್ತೆ.

ಈ ಸಲ ಮೊದಲ ಮೆಸೇಜು ಬಂದದ್ದು ಬೆಳಗ್ಗೆ ಆರೂ ಮುಕ್ಕಾಲಿಗೆ. 'ದಯವಿಟ್ಟು ಮೂಲೆಯ ಮರದ ಕೊಂಬೆಗಳನ್ನು ಪೂರ್ತಿ ತೆಗೆಸಬೇಕು. ನನ್ನದು ಬಿಳಿ ಕಾರು.' ಹೆಸರು ಬೇಡ, ಬಿಳಿ ಕಾರಿನವರು ಅಂತಲೇ ಇಟ್ಟುಕೊಳ್ಳೋಣ. ಏಳು ಗಂಟೆಗೆ ಇಬ್ಬರು ಹೆಬ್ಬೆಟ್ಟು ಒತ್ತಿದರು. ಏಳೂವರೆಗೆ ರಿಟೈರ್ಡ್ ಅಂಕಲ್ ಒಬ್ಬರು ಮೂರು ಪ್ಯಾರಾ ಟೈಪ್ ಮಾಡಿದರು: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ವೃಕ್ಷಾಧಿಕಾರಿಯ ಅನುಮತಿ ಇಲ್ಲದೆ ಮರ ಕಡಿಯೋ ಹಾಗಿಲ್ಲ. ಎಂಟಕ್ಕೆ ಯಾರೋ ಸಂಬಂಧವೇ ಇಲ್ಲದೆ ಗುಡ್ ಮಾರ್ನಿಂಗ್ ಗುಲಾಬಿ ಕಳಿಸಿದರು. ಅಲ್ಲಿಗೆ ಚರ್ಚೆ ಕಾವೇರಿತು.

ಮಜಾ ಏನು ಗೊತ್ತಾ? ಹೂವಿನ ಬಗ್ಗೆ ದೂರು ಹೇಳಿದವರೆಲ್ಲ ಮಾರನೇ ದಿನವೂ ಕಾರು ನಿಲ್ಲಿಸಿದ್ದು ಅದೇ ಮರದ ಕೆಳಗೆ. ಪಕ್ಕದಲ್ಲಿ ಬಿಸಿಲಿನ ಜಾಗ ಖಾಲಿ ಹೊಡೀತಿತ್ತು! ಎಲೆ ಉದುರಬಾರದು, ಹೂವು ಬೀಳಬಾರದು, ಕೋಗಿಲೆ ನಾಲ್ಕು ಗಂಟೆಗೆ ಕೂಗಬಾರದು, ಆದರೆ ನೆರಳು ಮಾತ್ರ ಹತ್ತರಿಂದ ಐದರವರೆಗೆ ಬೇಕು. ಮರಕ್ಕೂ ಆಫೀಸ್ ಟೈಮಿಂಗ್ ಕೊಟ್ಟುಬಿಟ್ಟಿದ್ದೀವಿ. ಇದೇ ಜನ ಯುಗಾದಿ ಹಿಂದಿನ ಸಂಜೆ ಗಾಂಧಿ ಬಜಾರಿನ ನೂಕುನುಗ್ಗಲಿನಲ್ಲಿ ನಿಂತು, ಒಂದು ಹಿಡಿ ಮಾವಿನೆಲೆ, ಒಂದು ಎಸಳು ಬೇವಿಗೆ ಚೌಕಾಸಿ ಮಾಡ್ತಾರೆ. ಬಾಗಿಲಿಗೆ ಕಟ್ಟಿದರೆ ಹಬ್ಬ, ಬಾನೆಟ್ ಮೇಲೆ ಬಿದ್ದರೆ ಕಸ.

ಅಂದ ಹಾಗೆ, ಹಿಂದೆ ದೀಪಕ್ಕೆ ಹಾಕುತ್ತಿದ್ದ ಹೊಂಗೆ ಎಣ್ಣೆಯಿಂದ ಈಗ ಬಯೋಡೀಸೆಲ್ ಕೂಡ ಮಾಡ್ತಾರೆ. ಕಾರಿನವರು ಸ್ವಲ್ಪ ಮರ್ಯಾದೆ ಕೊಡಬೇಕಾದ ಮರ ಇದು.

ಗ್ರೂಪಿನಲ್ಲಿ ವಾದ ನಡೀತಿದ್ದಾಗ ನಾನು ಒಂದು ಭಾನುವಾರ ಬಾಲ್ಕನಿಯಲ್ಲಿ ಕೂತು, ಆ ನೆರಳಿಗೆ ಯಾರ್‍ಯಾರು ಬರ್ತಾರೆ ಅಂತ ನೋಡ್ತಾ ಇದ್ದೆ. ಏಳಕ್ಕೆ ಸೊಪ್ಪಿನ ಗಾಡಿ. ಒಂಬತ್ತಕ್ಕೆ ಎಳನೀರು ಸೈಕಲ್ಲು. ಮಧ್ಯಾಹ್ನ ಇಬ್ಬರು ಡೆಲಿವರಿ ಹುಡುಗರು ಬೈಕಿನ ಮೇಲೆಯೇ ಅಂಗಾತ ಮಲಗಿ ಇಪ್ಪತ್ತು ನಿಮಿಷ ನಿದ್ದೆ ತೆಗೆದರು. ಮುಖದ ಮೇಲೆ ಹೂವು ಬಿದ್ದರೂ ಏಳಲಿಲ್ಲ, ಫೋನ್ ಟಿಂಗ್ ಅಂದ ತಕ್ಷಣ ಎದ್ದರು. ನಾಲ್ಕಕ್ಕೆ ಪಿಯು ಪರೀಕ್ಷೆಯ ಹುಡುಗಿ ಪುಸ್ತಕ ಹಿಡಿದು ಮರದ ಸುತ್ತ ಪ್ರದಕ್ಷಿಣೆ. ಸಂಜೆ ಅಜ್ಜಂದಿರು, ರಾತ್ರಿ ಐಪಿಎಲ್ ಪಂಡಿತರು.

ಇವರೆಲ್ಲರಿಗಿಂತ ಹೆಚ್ಚು ಹೊತ್ತು ಅಲ್ಲಿರೋರು ಇಸ್ತ್ರಿ ಅಣ್ಣ. ಅವರ ತಳ್ಳುಗಾಡಿಗೆ ಆ ಮರವೇ ಚಾವಣಿ. ಮಾರ್ಚಿ ಬಿಸಿಲು, ಎದುರಿಗೆ ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆ. ನೀವು ಸೋಮವಾರ ಮೀಟಿಂಗಿಗೆ ಹಾಕ್ಕೊಂಡು ಹೋಗೋ ಶರ್ಟಿನ ಗರಿಗರಿ ಇದೆಯಲ್ಲ, ಅದರಲ್ಲಿ ಅರ್ಧ ಕ್ರೆಡಿಟ್ಟು ಹೊಂಗೆ ನೆರಳಿನದು. ಕೊಂಬೆ ತೆಗೆಸೋ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಹೇಗೆ ಗೊತ್ತಾಗಬೇಕು? ಅವರು ಗ್ರೂಪಿನಲ್ಲಿ ಇಲ್ಲ. ಗ್ರೂಪು ಮನೆ ನಂಬರ್ ಇದ್ದವರಿಗೆ. ಅವರಿಗಿರೋದು ಮರ.

ಮೂಲೆ ಮನೆ ಆಂಟಿ ಸೀರೆ ಕೊಡೋಕೆ ಹೋದಾಗ ಮೆಲ್ಲಗೆ ವಿಷಯ ಎತ್ತಿದರು. ಇಸ್ತ್ರಿ ಅಣ್ಣ ಪೆಟ್ಟಿಗೆ ಪಕ್ಕಕ್ಕಿಟ್ಟು ಒಂದು ಸಲ ಮೇಲೆ ನೋಡಿದರು.

"ನೆರಳು ಹೋದ್ರೆ ಇಲ್ಲಿ ನಿಲ್ಲಕಾಗಲ್ಲಮ್ಮ. ಮುಂದಿನ ಕ್ರಾಸ್‌ಗೆ ಗಾಡಿ ತಳ್ಕೊಂಡು ಹೋಗ್ಬೇಕು. ಅಲ್ಲಿ ಆಗ್ಲೇ ಇನ್ನೊಬ್ರು ಇದಾರೆ. ಅವ್ರ ಹೊಟ್ಟೆ ಮೇಲೆ ಹೊಡ್ದಂಗಾಗುತ್ತೆ."

ತನ್ನ ಹೊಟ್ಟೆಯ ವಿಷಯ ಎತ್ತಲೇ ಇಲ್ಲ ನೋಡಿ. ಆಂಟಿ ಮನೆಗೆ ಬಂದು ಇದನ್ನೇ ವಾಯ್ಸ್ ಮೆಸೇಜಿನಲ್ಲಿ ಹೇಳಿದರು. ಐವತ್ತೆಂಟು ಸೆಕೆಂಡು. ಆಮೇಲೆ ಗ್ರೂಪು ಎರಡು ಗಂಟೆ ಸದ್ದಿಲ್ಲ. ಗುಡ್ ಆಫ್ಟರ್‌ನೂನ್ ಗುಲಾಬಿ ಕೂಡ ಬರಲಿಲ್ಲ.

ಕೊನೆಗೆ ರಾಜಿ ಆಯ್ತು. ಕರೆಂಟು ತಂತಿಗೆ ತಾಗೋ ಕೊಂಬೆ ಮಾತ್ರ ಅರ್ಜಿ ಹಾಕಿ, ಅನುಮತಿ ತಗೊಂಡು ಸವರಿಸೋದು. ಬಿದ್ದ ಹೂವನ್ನು ಆಂಟಿಯ ಟೆರೇಸ್ ತೋಟದ ಬಳಗ ಗುಡಿಸಿ ಒಯ್ಯೋದು. ಹೊಂಗೆ ಹೂವು ಕೊಳೆತರೆ ಕುಂಡಗಳಿಗೆ ಒಳ್ಳೇ ಗೊಬ್ಬರ. ಈಗ ಅದಕ್ಕೆ ಎಷ್ಟು ಪೈಪೋಟಿ ಅಂದ್ರೆ ಬೆಳಗ್ಗೆ ಆರಕ್ಕೇ ಪೊರಕೆಗಳು ಹಾಜರ್. ಬಿಳಿ ಕಾರಿಗೆ ಒಂದು ಕವರ್ ಬಂತು. ಅದರ ಬಣ್ಣವೂ ಬಿಳಿಯೇ. ಇರಲಿ, ಅವರ ಇಷ್ಟ.

ಯುಗಾದಿ ಆಯ್ತು, ಬೇವು ಬೆಲ್ಲ ತಿಂದು ಎಲ್ಲರೂ ಒಳ್ಳೇ ಮಾತಾಡಿದರು. ಮಾರನೇ ದಿನ ಹೊಸತೊಡಕಿಗೆ ಮಟನ್ ಅಂಗಡಿ ಕ್ಯೂನಲ್ಲಿ ಪರ-ವಿರೋಧ ಎರಡೂ ಬಣದವರು ಒಟ್ಟಿಗೆ ನಿಂತರು. ರಾಮನವಮಿಗೆ ಅದೇ ಹೊಂಗೆ ಕೆಳಗೆ ಟೇಬಲ್ ಹಾಕಿ ಪಾನಕ, ನೀರುಮಜ್ಜಿಗೆ, ಕೋಸಂಬರಿ. ಟೇಬಲ್ಲಿಗೆ ಜಾಗ ಮಾಡೋಕೆ ಬಿಳಿ ಕಾರಿನವರೇ ಕಾರನ್ನು ಬಿಸಿಲಿಗೆ ಸರಿಸಿ, ಸೌಟು ಹಿಡಿದು ನಿಂತರು. ಇಸ್ತ್ರಿ ಅಣ್ಣ ಲೋಟ ಜೋಡಿಸಿಕೊಟ್ಟರು. ಪಾನಕದ ಪಾತ್ರೆಗೂ ನಾಲ್ಕು ಹೂವು ಬಿದ್ದವು. ಯಾರೂ ಗ್ರೂಪಿನಲ್ಲಿ ಹಾಕಲಿಲ್ಲ, ಸೌಟಿನಲ್ಲಿ ತೆಗೆದು ಕುಡಿದರು.

ವಸಂತ ಅಂದ್ರೆ ಹೀಗೇ ಅನ್ಸುತ್ತೆ. ಅದು ಯಾರ ಕಾಂಪೌಂಡಿನೊಳಗೂ ಪೂರ್ತಿ ಹಿಡಿಸೋದಿಲ್ಲ. ಬೇರು ಒಬ್ಬರ ಗೇಟಿನ ಪಕ್ಕ, ಹೂವು ಇನ್ನೊಬ್ಬರ ಕಾರಿನ ಮೇಲೆ, ನೆರಳು ಮನೆ ನಂಬರೇ ಇಲ್ಲದವರಿಗೆ. ಇದನ್ನು ಸಮನಾಗಿ ಹಂಚೋ ಆ್ಯಪ್ ಇನ್ನೂ ಬಂದಿಲ್ಲ. ಸದ್ಯಕ್ಕೆ ಮರದ ಕೆಳಗೆ ಬಂದು ನಾಲ್ಕು ಮಾತಾಡೋದೇ ದಾರಿ.

ಹಬ್ಬದ ಸಂಜೆ ಅಂಕಲ್ ಒಂದು ಒಳ್ಳೇ ಕೆಲಸ ಮಾಡಿದರು: ಇಸ್ತ್ರಿ ಅಣ್ಣನ ನಂಬರ್ ಗ್ರೂಪಿಗೆ ಸೇರಿಸಿದರು. ಮಾರನೇ ಬೆಳಗ್ಗೆ ಅವರ ಮೊದಲ ಮೆಸೇಜು ಬಂತು.

'ಬಿಳಿ ಕಾರ್ ಸಾರ್, ನಿಮ್ದು ಐದು ಶರ್ಟ್ ರೆಡಿ. ಒಂದ್ ಹೂವೂ ಬಿದ್ದಿಲ್ಲ.'